ತಲೆ ಎಣಿಸುವ ಅಂಡರ್‌ವುಡ್

ಫ್ರಾಂಕ್ ಅಂಡರ್‌ವುಡ್ ಅಂದ ತಕ್ಷಣ ಎಲ್ಲರೂ ಕೊಲೆಯ ಮಾತೇ ಎತ್ತುತ್ತಾರೆ ನೋಡಿ. ಆ ಪತ್ರಕರ್ತೆ ಹುಡುಗಿಯನ್ನು ಮೆಟ್ರೋ ರೈಲಿನ ಮುಂದೆ ನೂಕಿದ್ದು, ತನ್ನದೇ ಪಕ್ಷದ ಪೀಟರ್ ರುಸ್ಸೋನನ್ನು ಕಾರಿನೊಳಗೇ ಬಿಟ್ಟು ಮುಗಿಸಿದ್ದು, ಶುರುವಿನಲ್ಲೇ ಪಕ್ಕದ ಮನೆಯವರ ನಾಯಿಯ ಪ್ರಾಣ ತೆಗೆದದ್ದು. ಸರಿ, ಅದೆಲ್ಲ ಇದೆ, ಯಾರು ಇಲ್ಲ ಅಂದರು? ಆದರೆ ಅವನ ಕಥೆಯ 'ಹೌಸ್ ಆಫ್ ಕಾರ್ಡ್ಸ್' ಧಾರಾವಾಹಿಯನ್ನು ನೆಟ್‌ಫ್ಲಿಕ್ಸ್‌ನವರು 2013ರ ಫೆಬ್ರವರಿ 1ರಂದು ಹದಿಮೂರು ಕಂತೂ ಒಟ್ಟಿಗೇ ಬಿಟ್ಟಾಗ ನನ್ನನ್ನು ಹಿಡಿದು ಕೂರಿಸಿದ್ದು ಕೊಲೆಯಲ್ಲ, ಆ ಮನುಷ್ಯನ ಉದ್ಯೋಗ. ಅವನು ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ಬಹುಮತ ಪಕ್ಷದ ಸಚೇತಕ, ಇಂಗ್ಲಿಷಿನಲ್ಲಿ ವಿಪ್. ಅಂದರೆ ತಲೆ ಎಣಿಸುವವನು. ಅಧ್ಯಕ್ಷನಾದ ಮೇಲಿನ ಅಂಡರ್‌ವುಡ್‌ಗಿಂತ ಆ ತಲೆ ಎಣಿಸುವ ಅಂಡರ್‌ವುಡ್ಡೇ ನನಗೆ ಹೆಚ್ಚು. ಅಧ್ಯಕ್ಷರ ಮೇಲೆ ಸಿನಿಮಾ ಬೇಕಾದಷ್ಟಿವೆ, ಸಚೇತಕನ ಮೇಲೆ ಯಾರು ತೆಗೆಯುತ್ತಾರೆ, ಅಲ್ವಾ?

ಅಲ್ಲಿಯ ಲೆಕ್ಕ ಸುಲಭ. ಸಭೆಯಲ್ಲಿ 435 ಜನ, ಎಲ್ಲರೂ ಬಂದಿದ್ದರೆ 218 ಬೇಕು. ಸ್ಪೀಕರ್ ಒಬ್ಬರು, ಬಹುಮತ ಪಕ್ಷದ ನಾಯಕರೊಬ್ಬರು, ಅವರ ಕೆಳಗೆ ಸಚೇತಕ. ಮಸೂದೆ ಮತಕ್ಕೆ ಬರುವ ಮೊದಲೇ ಆ 218 ಯಾರ್ಯಾರು ಅಂತ ಹೆಸರು ಹಿಡಿದು ಹೇಳುವುದು ಅವನ ಕೆಲಸ. ಸುಮಾರಾಗಿ ಹೇಳಿದರೆ ನಡೆಯುವುದಿಲ್ಲ. ಹತ್ತು ಜನ ಹೆಚ್ಚು ಹೇಳಿದರೆ ಮಸೂದೆ ಬಿದ್ದು ಸ್ಪೀಕರ್ ಮಾನ ಹೋಗುತ್ತದೆ. ಹತ್ತು ಜನ ಕಡಿಮೆ ಹೇಳಿದರೆ ಬೇಕಿಲ್ಲದ ಹತ್ತು ಜನಕ್ಕಾಗಿ ಸುಮ್ಮನೆ ಏನೇನೋ ಕೊಟ್ಟುಬಿಟ್ಟಿರುತ್ತಾರೆ.

ನಮ್ಮ ಕಡೆ ವಿಪ್ ಅಂದರೆ ಬೇರೆಯದೇ ಕಥೆ ಬಿಡಿ. 1985ರಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಬಂದ ಮೇಲೆ ವಿಪ್ ಅನ್ನುವುದು ಒಂದು ಕಾಗದ, ಆದರೆ ಹಲ್ಲಿರುವ ಕಾಗದ. ಮೀರಿದರೆ ಸದಸ್ಯತ್ವಕ್ಕೇ ಕುತ್ತು. 2019ರ ಜುಲೈ ನೆನಪಿದೆ ತಾನೇ? ವಿಧಾನಸೌಧದಲ್ಲಿ 99ಕ್ಕೆ 105ರಲ್ಲಿ ಸರ್ಕಾರ ಬಿತ್ತು, ಹದಿನೇಳು ಶಾಸಕರು ಅನರ್ಹರಾದರು, ವಾರಗಟ್ಟಲೆ ಟೀವಿಯಲ್ಲಿ ಅದೇ. ಅಮೆರಿಕದಲ್ಲಿ ಆ ಹಲ್ಲಿಲ್ಲ. ಪಕ್ಷದ ಮಾತು ಮೀರಿ ಓಟು ಹಾಕಿ, ಮಾರನೆಯ ದಿನ ಅದೇ ಕುರ್ಚಿಯಲ್ಲಿ ಬಂದು ಕೂರಬಹುದು, ಯಾರೂ ಕೆಳಗಿಳಿಸುವಂತಿಲ್ಲ. ಹಾಗಾದರೆ ಸಚೇತಕನ ಕೈಯಲ್ಲಿ ಏನಿದೆ? ಇವನ ಊರಿನ ಹಡಗುಕಟ್ಟೆ ಮುಚ್ಚುವ ಭಯ, ಅವಳಿಗೆ ಬೇಕಾದ ಸಮಿತಿಯ ಜಾಗ, ಇನ್ನೊಬ್ಬನ ಮರುಚುನಾವಣೆಯ ಖರ್ಚು. ಅಂಡರ್‌ವುಡ್ಡಿಗೆ ಇವೆಲ್ಲ ಬಾಯಿಪಾಠ. ಅವನ ಬಲಗೈ ಡಗ್ ಸ್ಟ್ಯಾಂಪರ್‌ಗೆ ಇನ್ನೂ ಚೆನ್ನಾಗಿ ಗೊತ್ತು.

ಇದನ್ನು ನೋಡುವಾಗಲೆಲ್ಲ ನನಗೆ ನಮ್ಮ ಸೋದರಮಾವ ನೆನಪಾಗುತ್ತಾರೆ ಕಣ್ರೀ. ಊರಿನ ಸೊಸೈಟಿ ಎಲೆಕ್ಷನ್ನು ಬಂತೆಂದರೆ ಅವರ ಜಗಲಿಗೆ ಜೀವ ಬರುತ್ತಿತ್ತು. ತಾವು ಯಾವತ್ತೂ ನಿಂತವರಲ್ಲ, ನಿಂತವರಿಗೆ ಎಣಿಸಿಕೊಡುತ್ತಿದ್ದರು. ಷೇರುದಾರರ ಪಟ್ಟಿಯನ್ನು ತೊಡೆಯ ಮೇಲೆ ಹರವಿಕೊಂಡು ಮೋಟು ಪೆನ್ಸಿಲ್ಲಿನಲ್ಲಿ ಗುರುತು ಹಾಕುವುದು. ಹೆಸರಿಗೆ ಸುತ್ತು ಹಾಕಿದರೆ ಖಾತ್ರಿ. ಅಡ್ಡಗೆರೆ ಎಳೆದರೆ ಆಸೆ ಬಿಡಿ. ಚುಕ್ಕಿ ಇಟ್ಟರೆ ಅಲ್ಲಿಗೆ ಹೋಗಿ ಕೂರಬೇಕು, ಕಾಫಿ ಕುಡಿಯಬೇಕು, ಎಲೆಕ್ಷನ್ನಿನ ಮಾತು ಮಾತ್ರ ಎತ್ತಬಾರದು. 'ಅವನ ಎಮ್ಮೆ ಈಯ್ದಿದೆಯಾ ಕೇಳ್ಕೊಂಡು ಬಾ' ಅಂತ ಹುಡುಗರನ್ನು ಕಳಿಸುತ್ತಿದ್ದರು. ಚುಕ್ಕಿಯ ಹೆಸರುಗಳು ಒಂದೊಂದಾಗಿ ಸುತ್ತಾಗುತ್ತಾ ಹೋಗುವುದನ್ನು ನೋಡುವುದೇ ನಮಗೊಂದು ಆಟ. ಅವರ ಎಣಿಕೆ ತಪ್ಪಿದ್ದು ನಾನು ಕಾಣೆ. ಅಂಡರ್‌ವುಡ್ ವಾಷಿಂಗ್ಟನ್ನಿನಲ್ಲಿ ಮಾಡುವುದೂ ಇದೇ ಚುಕ್ಕಿ-ಸುತ್ತಿನ ಕೆಲಸವೇ. ವ್ಯತ್ಯಾಸ ಏನೆಂದರೆ ನಮ್ಮ ಮಾವನಿಗೆ ಎಮ್ಮೆ ಈಯ್ದದ್ದು ಕೇಳಿ ನಿಜಕ್ಕೂ ಸಂತೋಷವಾಗುತ್ತಿತ್ತು.

ಎಲ್ಲಿದ್ದೆ? ಹಾಂ, ಎಣಿಕೆ.

ಕಥೆಯಲ್ಲಿ ಅವನದು ದಕ್ಷಿಣ ಕೆರೊಲಿನಾದ 5ನೇ ಕ್ಷೇತ್ರ, ಹುಟ್ಟೂರು ಗ್ಯಾಫ್ನಿ. ಗ್ಯಾಫ್ನಿ ನಿಜವಾದ ಊರು, ನಿಜವಾಗಿಯೂ 5ನೇ ಕ್ಷೇತ್ರದಲ್ಲೇ ಇದೆ. ಆ ಕ್ಷೇತ್ರವನ್ನು ಜಾನ್ ಸ್ಪ್ರ್ಯಾಟ್ ಅನ್ನುವ ಡೆಮಾಕ್ರಾಟ್ 1983ರಿಂದ ಹಿಡಿದಿಟ್ಟುಕೊಂಡಿದ್ದು, 2010ರ ಚುನಾವಣೆಯಲ್ಲಿ ರಿಪಬ್ಲಿಕನ್ನರಿಗೆ ಸೋತರು. ಧಾರಾವಾಹಿಯ ಹೊತ್ತಿಗೆ ಅಲ್ಲಿ ನಮ್ಮ ಅಂಡರ್‌ವುಡ್‌ನಂಥ ಡೆಮಾಕ್ರಾಟ್ ಗೆಲ್ಲುವುದು ಕಷ್ಟವಿತ್ತು. ಇನ್ನೊಂದು ಸ್ವಾರಸ್ಯ ಕೇಳಿ. ಅದೇ ರಾಜ್ಯದ ಪಕ್ಕದ 6ನೇ ಕ್ಷೇತ್ರದ ಜಿಮ್ ಕ್ಲೈಬರ್ನ್ 2007ರಿಂದ 2011ರವರೆಗೆ ನಿಜವಾಗಿಯೂ ಬಹುಮತ ಪಕ್ಷದ ಸಚೇತಕರಾಗಿದ್ದರು, 2019ರಿಂದ 2023ರವರೆಗೆ ಮತ್ತೊಮ್ಮೆ. ಅಂದರೆ ಆ ಕಡೆ ತಲೆ ಎಣಿಸುವವರು ಕಥೆಯಲ್ಲೂ ಹುಟ್ಟುತ್ತಾರೆ, ನಿಜದಲ್ಲೂ ಹುಟ್ಟುತ್ತಾರೆ!

ಗ್ಯಾಫ್ನಿ ಅಂದಮೇಲೆ ಆ ಪೀಚ್ ಹಣ್ಣಿನ ಮಾತು ಆಡದೇ ಇರಲಿಕ್ಕಾಗುತ್ತದಾ? ಹೆದ್ದಾರಿ ಪಕ್ಕದಲ್ಲಿ 135 ಅಡಿ ಎತ್ತರದ ನೀರಿನ ಟ್ಯಾಂಕು, ಥೇಟ್ ಪೀಚ್ ಹಣ್ಣಿನ ಆಕಾರ, ಬಣ್ಣವೂ ಅದೇ, ಮೇಲೊಂದು ಎಲೆ ಬೇರೆ. ಹತ್ತು ಲಕ್ಷ ಗ್ಯಾಲನ್ ಹಿಡಿಯುತ್ತದೆ, ನಮ್ಮ ಲೆಕ್ಕದಲ್ಲಿ ಸುಮಾರು 38 ಲಕ್ಷ ಲೀಟರು. ಕಟ್ಟಿದ್ದು 1981ರಲ್ಲಿ. ಪೀಚ್ ಹಣ್ಣಿನ ಹೆಸರೆಲ್ಲ ಪಕ್ಕದ ಜಾರ್ಜಿಯಾ ರಾಜ್ಯಕ್ಕೆ ಹೋಗುತ್ತಿದೆ, ಬೆಳೆ ಇರುವುದು ನಮ್ಮಲ್ಲಿ ಅನ್ನುವ ಹಟದಿಂದ ಕಟ್ಟಿದ ಟ್ಯಾಂಕು ಅದು. ಊರಿನ ಹೆಮ್ಮೆ ನೋಡಿ, ಎಲ್ಲಾದರೂ ಒಂದು ಕಡೆ ನಿಲ್ಲಬೇಕಲ್ಲ!

ಧಾರಾವಾಹಿಯ ಮೂರನೆಯ ಕಂತು ಪೂರ್ತಿ ಈ ಹಣ್ಣಿನ ಮೇಲೇ ನಿಂತಿದೆ. ಹದಿಹರೆಯದ ಹುಡುಗಿಯೊಬ್ಬಳು ರಾತ್ರಿ ಕಾರು ಓಡಿಸುತ್ತಾ, ಈ ಟ್ಯಾಂಕಿನ ಆಕಾರದ ಬಗ್ಗೆ ಗೆಳೆಯನಿಗೆ ಮೆಸೇಜು ಮಾಡುತ್ತಾ ರಸ್ತೆ ಬಿಟ್ಟು ಸಾಯುತ್ತಾಳೆ. ಹಿಂದೊಮ್ಮೆ ಟ್ಯಾಂಕನ್ನು ಕೆಡವಬೇಕು ಅಂದಾಗ ಬೇಡವೆಂದು ನಿಂತವನು ಇದೇ ಅಂಡರ್‌ವುಡ್. ಊರಿನಲ್ಲಿ ಅವನಿಗಾಗದವನೊಬ್ಬ ಹುಡುಗಿಯ ತಂದೆತಾಯಿಯ ಕಿವಿಯೂದುತ್ತಾನೆ, ಕೇಸು ಹಾಕಿ ಅಂತ. ಅತ್ತ ವಾಷಿಂಗ್ಟನ್ನಿನಲ್ಲಿ ಶಿಕ್ಷಣ ಮಸೂದೆಯ ವಿಷಯದಲ್ಲಿ ಶಿಕ್ಷಕರ ಸಂಘದವರು ಪಟ್ಟು ಹಿಡಿದಿದ್ದಾರೆ. ಇವನು ಎಲ್ಲ ಬಿಟ್ಟು ಗ್ಯಾಫ್ನಿಗೆ ಓಡಬೇಕು. ಫೋನಿನಲ್ಲಿ ಸಂಘದವರ ಜೊತೆ ಎಳೆದಾಟ, ಫೋನಿಟ್ಟರೆ ಸಾವಿನ ಮನೆ.

ಅಲ್ಲಿ ಅವನು ಮಾಡುವುದನ್ನು ಸ್ವಲ್ಪ ಗಮನಿಸಿ. ಮೊದಲು ಚರ್ಚಿಗೆ ಹೋಗಿ ವೇದಿಕೆ ಹತ್ತಿ, ನನ್ನ ತಂದೆ ನಲವತ್ತಮೂರಕ್ಕೇ ಹೃದಯಾಘಾತದಿಂದ ಹೋದರು, ಆವತ್ತು ದೇವರ ಮೇಲೆ ನನಗೂ ದ್ವೇಷ ಬಂದಿತ್ತು ಅನ್ನುವ ಅರ್ಥದ ಮಾತಾಡುತ್ತಾನೆ. ಜನ ಕಣ್ಣೊರೆಸಿಕೊಳ್ಳುತ್ತಾರೆ. ಅಷ್ಟರಲ್ಲಿ ನಮ್ಮ ಕಡೆ ತಿರುಗಿ, ಅಪ್ಪ ನನಗೆ ಅಷ್ಟೇನೂ ಗೊತ್ತೇ ಇರಲಿಲ್ಲ ಅಂದುಬಿಡುತ್ತಾನೆ! ಮೈ ಜುಮ್ ಅನ್ನುತ್ತದೆ. ಆಮೇಲೆ ಆ ತಂದೆತಾಯಿಯ ಎದುರು ಕೂತು, ನೀವು ಹೇಳಿದರೆ ರಾಜೀನಾಮೆ ಕೊಡುತ್ತೇನೆ ಅನ್ನುತ್ತಾನೆ. ಅವರಿಗೆ ಬೇಕಾಗಿರುವುದು ಇವನ ರಾಜೀನಾಮೆಯಲ್ಲ, ಮಗಳ ಹೆಸರು ಎಲ್ಲಾದರೂ ಉಳಿಯಬೇಕು ಅನ್ನುವುದು ಅವನಿಗೆ ಗೊತ್ತು. ಅವಳ ಹೆಸರಿನಲ್ಲಿ ವಿದ್ಯಾರ್ಥಿವೇತನ, ರಾತ್ರಿ ಟ್ಯಾಂಕಿಗೆ ದೀಪ ಬೇಡ, ವಾಹನ ಓಡಿಸುವಾಗ ಮೆಸೇಜು ಮಾಡಬೇಡಿ ಅಂತ ರಸ್ತೆ ಬದಿ ಫಲಕ. ಸಮಾಧಾನ ಆಯಿತು, ಕೇಸು ಬಿತ್ತು. ಮಾಡಿದ್ದೆಲ್ಲ ಸರಿಯಾದ ಕೆಲಸವೇ, ದೀಪ ಆರಿಸಬೇಕಾಗಿತ್ತು, ಫಲಕ ಹಾಕಬೇಕಾಗಿತ್ತು. ಆದರೆ ಒಂದನ್ನೂ ಆ ಹುಡುಗಿಗಾಗಿ ಮಾಡಲಿಲ್ಲ. ನನಗೆ ಇಡೀ ಧಾರಾವಾಹಿಯಲ್ಲಿ ಅತಿ ಸಂಕಟವಾದದ್ದು ಅಲ್ಲೇ, ಕೊಲೆಗಳಲ್ಲೂ ಅಲ್ಲ. ಜನಪ್ರತಿನಿಧಿ ಮಾಡಬೇಕಾದ ಒಳ್ಳೆಯ ಕೆಲಸದ ಪ್ರತಿಯೊಂದು ಹೆಜ್ಜೆಯೂ ಗೊತ್ತಿದ್ದು, ಅದರೊಳಗೆ ಮನುಷ್ಯ ಮಾತ್ರ ಇಲ್ಲದೇ ಹೋದರೆ ಹೇಗೆ ಹೇಳಿ?

ಹಾಗಂತ ಅವನಿಗೆ ಆಸೆಪಾಸೆ ಇಲ್ಲದೆ ಇಲ್ಲ. ಫ್ರೆಡ್ಡಿಯ ಹೋಟೆಲಿನಲ್ಲಿ ಬೆಳ್ಳಂಬೆಳಗ್ಗೆ ಹಂದಿಯ ಪಕ್ಕೆಲುಬಿನ ಬಾರ್ಬೆಕ್ಯೂ ಮೆಲ್ಲುತ್ತಾ ಪೇಪರು ಓದುತ್ತಾನಲ್ಲ, ಆಗ ಅವನ ಮುಖ ನೋಡಬೇಕು. ಬೆಳಗಿನ ಏಳೂವರೆಗೆ ಬಾರ್ಬೆಕ್ಯೂ! ಕೈಯೆಲ್ಲ ಸಾಸು, ಕೊರಳಿಗೆ ಕರವಸ್ತ್ರ. ಅಂಗಡಿ ತೆರೆಯುವ ಮೊದಲೇ ಇವನೊಬ್ಬನಿಗೆ ಬಾಗಿಲು. ವಾಷಿಂಗ್ಟನ್ನಿನದು ಅಂತ ತೋರಿಸಿದ ಆ ಅಂಗಡಿಯನ್ನು ಚಿತ್ರೀಕರಿಸಿದ್ದು ಬಾಲ್ಟಿಮೋರಿನಲ್ಲಿ. ಫ್ರೆಡ್ಡಿಯ ಪಾತ್ರ ಮಾಡಿದ ರೆಗ್ ಕ್ಯಾಥಿಗೆ ಅದಕ್ಕಾಗಿ 2015ರಲ್ಲಿ ಎಮ್ಮಿ ಪ್ರಶಸ್ತಿಯೂ ಬಂತು, ಬರಬೇಕಾದ್ದೇ. ಆ ಗೆಳೆತನವೂ ಎಲ್ಲಿಗೆ ಬಂತು ನೋಡಿ. ಅಂಡರ್‌ವುಡ್ಡಿನ ಶತ್ರುಗಳು ಫ್ರೆಡ್ಡಿಯ ಹಳೆಯ ಕಥೆ ಕೆದಕಿದರು, ಅಂಗಡಿಗೆ ಬರಬೇಕಾದ ದೊಡ್ಡ ಒಪ್ಪಂದ ಕೈತಪ್ಪಿತು, ಅಂಗಡಿಯೇ ಹೋಯಿತು. ಪಾತ್ರೆ ತೊಳೆದು, ಶ್ವೇತಭವನದ ತೋಟದಲ್ಲಿ ದುಡಿದು, ಕೊನೆಗೆ ಹೊರಡುವ ದಿನ ಅಧ್ಯಕ್ಷನ ಮುಖಕ್ಕೇ ಬೈದು ಹೋಗುತ್ತಾನೆ. ಎದ್ದು ನಿಂತು ಚಪ್ಪಾಳೆ ತಟ್ಟಬೇಕು ಅನ್ನಿಸುತ್ತದೆ.

ಅವನ ಇನ್ನೊಂದು ಖಯಾಲಿ, ಮೇಜಿನಿಂದ ಏಳುವಾಗ ಉಂಗುರದ ಬೆರಳಿನಿಂದ ಎರಡು ಸಲ ಟಕ್ ಟಕ್ ಅನ್ನಿಸುವುದು. ಮರ ತಟ್ಟಿದರೆ ಅದೃಷ್ಟ, ಜೊತೆಗೆ ಗೆಣ್ಣೂ ಗಟ್ಟಿಯಾಗುತ್ತದೆ ಅನ್ನುವ ಲೆಕ್ಕ. ಮನೆಯ ನೆಲಮಾಳಿಗೆಯಲ್ಲಿ ದೋಣಿ ಹುಟ್ಟು ಹಾಕುವ ಯಂತ್ರ. ರಾತ್ರಿ ಹೊತ್ತು ಕಿಟಕಿಯ ಬಳಿ ಹೆಂಡತಿಯ ಜೊತೆ ಒಂದೇ ಸಿಗರೇಟು ಹಂಚಿಕೊಳ್ಳುವುದು. ಮೂರನೆಯ ಸೀಸನ್ನಿನಲ್ಲಿ ದೇಶದ ಅಧ್ಯಕ್ಷ ಅನ್ನಿಸಿಕೊಂಡವನು ಟ್ಯಾಬ್ಲೆಟ್ಟಿನಲ್ಲಿ 'ಮಾನ್ಯುಮೆಂಟ್ ವ್ಯಾಲಿ' ಆಟ ಆಡುತ್ತಾ ಮೈಮರೆಯುತ್ತಾನೆ. ಮಕ್ಕಳ ಹಾಗೆ ಸೋಜಿಗ ಅವನ ಮುಖದಲ್ಲಿ!

ಹೆಸರಿನ ಮಾತಿಗೆ ಬರೋಣ. ಕಥೆಯ ಮೂಲ ಇಂಗ್ಲೆಂಡಿನದು ಅನ್ನುವುದು ನಿಮಗೆ ಗೊತ್ತೇ ಇದೆ. ಮಾರ್ಗರೆಟ್ ಥ್ಯಾಚರ್ ಜೊತೆ ಜಟಾಪಟಿಯಾಗಿ ಬೇಜಾರಿನಲ್ಲಿ ರಜೆಗೆ ಹೋದ ಮೈಕೆಲ್ ಡಾಬ್ಸ್, ಗೋಜೋ ದ್ವೀಪದ ಈಜುಕೊಳದ ಪಕ್ಕ ಕೂತು ಮೊದಲು ಕಾಗದದ ಮೇಲೆ ಬರೆದದ್ದು ಎರಡೇ ಅಕ್ಷರ, ಎಫ್ ಮತ್ತು ಯು. ಬೈಗುಳದ ಆ ಎರಡಕ್ಷರಕ್ಕೆ ತಕ್ಕ ಹೆಸರು ಬೇಕಲ್ಲ, ಫ್ರಾನ್ಸಿಸ್ ಅರ್ಕ್‌ಹಾರ್ಟ್ ಹುಟ್ಟಿದ. ಅವನೂ ಪಕ್ಷದ ಮುಖ್ಯ ಸಚೇತಕ. ಕಾದಂಬರಿ 1989ರಲ್ಲಿ ಬಂತು. ಬಿಬಿಸಿಯವರು 1990ರ ನವೆಂಬರಿನಲ್ಲಿ ಧಾರಾವಾಹಿ ಶುರುಮಾಡಿದರೆ, ಅದೇ ವಾರ ಥ್ಯಾಚರ್ ರಾಜೀನಾಮೆ! ಬೇಕೂ ಅಂತ ಕೂಡಿಸಿದರೂ ಹೀಗೆ ಕೂಡುವುದಿಲ್ಲ, ಅಲ್ವಾ? ಪುಸ್ತಕದಲ್ಲಿ ಅರ್ಕ್‌ಹಾರ್ಟ್ ಕೊನೆಗೆ ಸಾಯುತ್ತಾನೆ, ಟೀವಿಯಲ್ಲಿ ಬದುಕಿಕೊಂಡ. ಅವನು ಬದುಕಿದ್ದರಿಂದ ಪಾಪ ಡಾಬ್ಸ್ ಇನ್ನೂ ಎರಡು ಪುಸ್ತಕ ಬರೆಯಬೇಕಾಯಿತು.

ಅಮೆರಿಕಕ್ಕೆ ತಂದಾಗ ಆ ಎರಡಕ್ಷರ ಉಳಿಸಿಕೊಂಡು ಅಂಡರ್‌ವುಡ್ ಅಂದರು. ಎರಡನೆಯ ಸೀಸನ್ನಿನ ಕೊನೆಯಲ್ಲಿ ಅವನು ಅಪ್ಪ ಕೊಟ್ಟ ಹಳೆಯ ಟೈಪ್‌ರೈಟರನ್ನು ಹೊರಗೆ ತೆಗೆದು ಅಧ್ಯಕ್ಷ ವಾಕರ್‌ಗೆ ಕಾಗದ ಕುಟ್ಟುತ್ತಾನೆ. ಯಂತ್ರದ ಹೆಸರೂ ಅಂಡರ್‌ವುಡ್. ನಮ್ಮೂರುಗಳ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ರೆಮಿಂಗ್ಟನ್, ಹಾಲ್ಡಾ ಜೊತೆ ಮೂಲೆಯಲ್ಲೊಂದು ಅಂಡರ್‌ವುಡ್ಡೂ ಇರುತ್ತಿತ್ತು, ಕೀಲಿ ಗಡುಸು, ಕಿರುಬೆರಳು ನೋಯುತ್ತಿತ್ತು. ಆ ಕಾಗದದಲ್ಲಿ ತಪ್ಪೆಲ್ಲ ನನ್ನ ತಲೆಗೆ ಕಟ್ಟಿ, ನೀವು ಉಳಿಯಿರಿ ಅನ್ನುತ್ತಾನೆ. ವಾಕರ್ ಕರಗಿ ಹೋಗುತ್ತಾನೆ. ಕೈಯಲ್ಲಿ ಕುಟ್ಟಿದ ಕಾಗದಕ್ಕೆ ಇರುವ ಮರ್ಯಾದೆ ಅದು, ಮೋಸಕ್ಕೂ ಒದಗುತ್ತದೆ.

ಆದರೆ ಅಂಡರ್‌ವುಡ್ ಅನ್ನುವ ನಿಜವಾದ ಶಾಸಕ ನಾಯಕರೇ ಒಬ್ಬರಿದ್ದರು ಅಂದರೆ? ಅಲಬಾಮಾದ ಆಸ್ಕರ್ ಅಂಡರ್‌ವುಡ್. 1900ರಲ್ಲಿ ಡೆಮಾಕ್ರಾಟರ ಸಚೇತಕರಾಗಿ, 1911ರಿಂದ 1915ರವರೆಗೆ ಪ್ರತಿನಿಧಿ ಸಭೆಯ ಬಹುಮತ ನಾಯಕರಾಗಿ, ಆಮೇಲೆ ಸೆನೆಟ್ಟಿನಲ್ಲೂ ಪಕ್ಷದ ನಾಯಕರಾದವರು. 1913ರ ಆಮದು ಸುಂಕದ ಕಾಯ್ದೆಯನ್ನು ಇವತ್ತಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ. ಅವರಿಗೂ ಅಧ್ಯಕ್ಷರಾಗುವ ಆಸೆಯಿತ್ತು. 1924ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಪಕ್ಷದ ಅಧಿವೇಶನ. ಅಭ್ಯರ್ಥಿಯನ್ನು ಆರಿಸಲು ಮತದಾನ ಎಷ್ಟು ಸುತ್ತು ನಡೆಯಿತು ಗೊತ್ತಾ? ನೂರಾ ಮೂರು! ರಾಜ್ಯಗಳನ್ನು ಅಕ್ಷರ ಕ್ರಮದಲ್ಲಿ ಕೂಗುವಾಗ ಅಲಬಾಮಾವೇ ಮೊದಲು. ಅಲ್ಲಿಯ ಗವರ್ನರ್ ಪ್ರತಿ ಸುತ್ತಿಗೂ ಎದ್ದುನಿಂತು ಗಂಟಲು ಹರಿಯುವಂತೆ, ಅಲಬಾಮಾದ ಇಪ್ಪತ್ತನಾಲ್ಕು ಓಟು ಅಂಡರ್‌ವುಡ್‌ಗೆ ಅಂತ ಕೂಗುತ್ತಿದ್ದರು. ಅಧಿವೇಶನ ರೇಡಿಯೋದಲ್ಲಿ ಬರುತ್ತಿತ್ತು. ದೇಶದ ತುಂಬಾ ಜನ ಮನೆಯಲ್ಲಿ ಕೂತು ಆ ಸಾಲನ್ನು ಕಂಠಪಾಠ ಮಾಡಿಬಿಟ್ಟರು.

ಆಸ್ಕರ್ ಗೆಲ್ಲಲಿಲ್ಲ. ಯಾಕೆ ಅನ್ನುವುದು ಮುಖ್ಯ. ಕು ಕ್ಲಕ್ಸ್ ಕ್ಲಾನ್ ಅನ್ನುವ ದ್ವೇಷದ ಸಂಘಟನೆ ಆಗ ಪಕ್ಷದ ಒಳಗೇ ಬೇರುಬಿಟ್ಟಿತ್ತು. ಅದನ್ನು ಹೆಸರಿಟ್ಟು ಖಂಡಿಸಲೇಬೇಕು ಅಂತ ಈ ದಕ್ಷಿಣದ ಮನುಷ್ಯ ಹಟ ಹಿಡಿದರು. ನಿರ್ಣಯ ಸುಮಾರು ಒಂದು ಓಟಿನ ಅಂತರದಲ್ಲಿ ಬಿದ್ದುಹೋಯಿತು. ಎಣಿಕೆ ಬಲ್ಲವರು ಅವರು. ದಕ್ಷಿಣದ ಓಟು ಇದರಿಂದ ಹೋಗುತ್ತದೆ ಅನ್ನುವುದು ಅವರಿಗೆ ತಿಳಿಯದ್ದೇನಲ್ಲ. ಗೊತ್ತಿದ್ದೂ ನಿಂತರು ನೋಡಿ, ಆ ಅಂಡರ್‌ವುಡ್ ಮೇಲೆ ಯಾರಾದರೂ ಒಂದು ಧಾರಾವಾಹಿ ತೆಗೆಯಬಾರದಾ?

ಇರಲಿ, ನಮ್ಮವನ ಕಡೆಗೆ ಬರೋಣ. ವಿದೇಶಾಂಗ ಕಾರ್ಯದರ್ಶಿ ಮಾಡುತ್ತೇನೆಂದು ವಾಕರ್ ಮಾತು ಕೊಟ್ಟು ತಪ್ಪಿದ ಅನ್ನುವ ಸಿಟ್ಟಿನಿಂದ ಹೊರಟವನು ಉಪಾಧ್ಯಕ್ಷನ ಕುರ್ಚಿಗೆ ಬಂದ. ಇಪ್ಪತ್ತೆರಡು ವರ್ಷ ಸಭೆಯಲ್ಲಿ ಸವೆದವನು. ಉಪಾಧ್ಯಕ್ಷನಾದವನು ಸೆನೆಟ್ಟಿನ ಅಧ್ಯಕ್ಷತೆ ವಹಿಸಬಹುದು, ಸಾಮಾನ್ಯವಾಗಿ ಆ ಕುರ್ಚಿಯಲ್ಲಿ ಕೂರುವವರು ಬೇರೆಯವರು. ಇವನು ಕೂತ. ಕೋರಂ ತಪ್ಪಿಸಲು ರಿಪಬ್ಲಿಕನ್ ಸೆನೆಟರುಗಳು ಒಳಗೆ ಬರದೇ ಅವಿತುಕೊಂಡರೆ, ಹಿಡಿದು ತನ್ನಿ ಅಂತ ಆಜ್ಞೆ ಮಾಡಿ ಒಬ್ಬೊಬ್ಬರನ್ನೇ ಎತ್ತಿಸಿಕೊಂಡು ಬಂದ. ಇದೆಲ್ಲಾದರೂ ಉಂಟೇ ಅಂತ ನಗಬೇಡಿ, ನಿಜವಾಗಿ ನಡೆದಿದೆ. 1988ರ ಫೆಬ್ರವರಿ. ಬಹುಮತ ನಾಯಕ ರಾಬರ್ಟ್ ಬರ್ಡ್ ಮುತುವರ್ಜಿಯಲ್ಲಿ ಹೊರಟ ಅಧಿಕಾರಿಗಳು ಬಾಬ್ ಪ್ಯಾಕ್‌ವುಡ್ ಅನ್ನುವ ಸೆನೆಟರನ್ನು ಅವರ ಕಚೇರಿಯಿಂದ ಹಿಡಿದು, ಕಾಲು ಮುಂದಾಗಿ ಎತ್ತಿಕೊಂಡು ಸಭೆಯೊಳಗೆ ತಂದಿಳಿಸಿದರು. ಚುನಾವಣಾ ಖರ್ಚಿನ ಮಸೂದೆಗೆ ಕೋರಂ ಬೇಕಾಗಿತ್ತು, ಅಷ್ಟೇ.

ನಮ್ಮವನು ಎದುರಿಗೆ ನಿಂತು ಮೈಮೇಲೆ ಬೀಳುವಂತೆ ಬಾಗಿ ಒಪ್ಪಿಸುವುದಂತೂ ಲಿಂಡನ್ ಜಾನ್ಸನ್‌ದೇ ವಿದ್ಯೆ. 1957ರಲ್ಲಿ ಜಾರ್ಜ್ ಟೇಮ್ಸ್ ತೆಗೆದ ಫೋಟೋಗಳನ್ನು ನೀವು ನೋಡಿರುತ್ತೀರಿ. ತೊಂಬತ್ತರ ಆಸುಪಾಸಿನ ಸೆನೆಟರ್ ಥಿಯೊಡರ್ ಗ್ರೀನ್ ಹಿಂದಕ್ಕೆ ಬಾಗಿದ್ದಾರೆ, ಆರಡಿ ಮೂರಂಗುಲದ ಜಾನ್ಸನ್ ಅಷ್ಟೂ ಮುಂದಕ್ಕೆ ಬಾಗಿದ್ದಾರೆ, ಮೂಗಿಗೆ ಮೂಗು ತಾಗುವಷ್ಟು. ಅವರೂ ಸಚೇತಕರಾಗಿಯೇ ಮೇಲೆ ಬಂದವರು, 1951ರಲ್ಲಿ. 1955ರ ಹೊತ್ತಿಗೆ ಬಹುಮತ ನಾಯಕ, ಆಮೇಲೆ ಉಪಾಧ್ಯಕ್ಷ, ಆಮೇಲೆ ಅಧ್ಯಕ್ಷ. ಅಂಡರ್‌ವುಡ್ಡಿಗೆ ಅವರೇ ಅಚ್ಚು ಅನ್ನಿಸುತ್ತದೆ ನನಗೆ. ಆದರೆ ಜಾನ್ಸನ್ ಆ ಒತ್ತಡವನ್ನೆಲ್ಲ ತಂದು 1964ರ ನಾಗರಿಕ ಹಕ್ಕುಗಳ ಕಾಯ್ದೆಗೆ ಹಾಕಿದರು. ಕರಿಯರಿಗೆ ಬಿಳಿಯರ ಜೊತೆ ಒಂದೇ ಹೋಟೆಲಿನಲ್ಲಿ ಕೂತು ಉಣ್ಣುವ ಹಕ್ಕು ಬಂತು. ನಮ್ಮವನು ಏನು ಮಾಡಿದ? ಅಮೆರಿಕ ವರ್ಕ್ಸ್ ಅನ್ನುವ ಉದ್ಯೋಗ ಯೋಜನೆ ಒಂದಿತ್ತು, ಅದಕ್ಕೂ ಚಂಡಮಾರುತಕ್ಕೆ ಮೀಸಲಿಟ್ಟ ದುಡ್ಡು ಎತ್ತಿ ಅರ್ಧಕ್ಕೇ ಕೈಬಿಟ್ಟ.

ಜನಕ್ಕೆ ಮಾತ್ರ ಅವನೆಂದರೆ ಎಂಥ ಮರುಳು! ಎರಡನೆಯ ಸೀಸನ್ ಬರುವ ಮುನ್ನಾದಿನ ಒಬಾಮಾ ಅವರೇ ಕಥೆ ಮುಂಚೆ ಹೇಳಿಬಿಡಬೇಡಿ ಅಂತ ಟ್ವೀಟ್ ಮಾಡಿದ್ದರು. 2016ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿ ಜೊನಾಥನ್ ಯಿಯೋ ಬರೆದ ಅಂಡರ್‌ವುಡ್ ಚಿತ್ರ ತೂಗುಹಾಕಿದರು. ನಿಜವಾದ ಅಧ್ಯಕ್ಷರ ಚಿತ್ರಗಳೆಲ್ಲ ಇರುವ ಕಟ್ಟಡ ಅದು. ಮುಂದಿನ ವರ್ಷವೇ ಆ ಪಾತ್ರ ಮಾಡಿದ ನಟ ಕೆವಿನ್ ಸ್ಪೇಸಿಯ ಮೇಲೆ ಆರೋಪಗಳು ಬಂದು ನೆಟ್‌ಫ್ಲಿಕ್ಸ್ ಅವರನ್ನು ಕೈಬಿಟ್ಟಿತು. 2023ರಲ್ಲಿ ಲಂಡನ್ನಿನ ನ್ಯಾಯಾಲಯ ಅವರನ್ನು ನಿರ್ದೋಷಿ ಅಂದಿತು. ಅಷ್ಟರಲ್ಲಿ ಕಥೆ ಮುಗಿದಿತ್ತು. 2018ರ ಕೊನೆಯ ಸೀಸನ್ನಿನಲ್ಲಿ ಅಂಡರ್‌ವುಡ್ ತೆರೆಯ ಆಚೆಯೇ ಸತ್ತುಹೋಗಿದ್ದ.

ಆದರೆ ನನ್ನ ಲೆಕ್ಕದಲ್ಲಿ ಅವನು ಸತ್ತದ್ದು ಅದಕ್ಕೂ ಮೊದಲು, ಐದನೆಯ ಸೀಸನ್ನಿನಲ್ಲಿ. ಚುನಾವಣೆಯಲ್ಲಿ ಎದುರಾಳಿ ಕಾನ್ವೇ ಗೆಲ್ಲುತ್ತಾನೆ ಅನ್ನಿಸಿದಾಗ, ಕೆಲವು ರಾಜ್ಯಗಳ ಫಲಿತಾಂಶ ಅಧಿಕೃತವಾಗದಂತೆ ತಡೆದು ಆಯ್ಕೆಯನ್ನು ಪ್ರತಿನಿಧಿ ಸಭೆಗೇ ತಂದುಹಾಕುತ್ತಾನೆ. ಸಂವಿಧಾನದ 12ನೇ ತಿದ್ದುಪಡಿಯಲ್ಲಿ ಆ ದಾರಿಯಿದೆ. ಒಂದು ರಾಜ್ಯಕ್ಕೆ ಒಂದೇ ಓಟು, ಐವತ್ತರಲ್ಲಿ ಇಪ್ಪತ್ತಾರು ಬೇಕು. 1825ರಲ್ಲಿ ಜಾನ್ ಕ್ವಿನ್ಸಿ ಆಡಮ್ಸ್ ಅಧ್ಯಕ್ಷರಾದದ್ದು ಇದೇ ದಾರಿಯಲ್ಲಿ. ಇವನಿಗೋ, ಅದು ತನ್ನದೇ ಮನೆ. ಪ್ರತಿ ಬೆಂಚೂ ಗೊತ್ತು, ಪ್ರತಿಯೊಬ್ಬರ ಸಾಲವೂ ಗೊತ್ತು. ಆದರೂ ಇಪ್ಪತ್ತಾರು ಕೂಡಲಿಲ್ಲ ಕಣ್ರೀ! ಅತ್ತ ಸೆನೆಟ್ಟಿನಲ್ಲಿ ಹೆಂಡತಿ ಕ್ಲೇರ್ ಉಪಾಧ್ಯಕ್ಷೆಯಾಗಿ ಆಯ್ಕೆಯಾದಳು, ಇತ್ತ ಇವನಿಗೆ ಇಲ್ಲ. ಇವನ ಮಾತಿನ ಮೇಲೆ ಭರವಸೆ ಇಟ್ಟವರೆಲ್ಲ ಒಂದಲ್ಲ ಒಂದು ಸಲ ಕೈಸುಟ್ಟುಕೊಂಡಿದ್ದರಲ್ಲ, ಇನ್ನು ಯಾರು ಸುತ್ತು ಹಾಕಿಸಿಕೊಳ್ಳುತ್ತಾರೆ? ಆಮೇಲೆ ಮರುಮತದಾನ ಅದೂ ಇದೂ ಆಗಿ ಗೆದ್ದ, ಗೆದ್ದು ಹೆಚ್ಚು ದಿನ ನಿಲ್ಲದೇ ಇಳಿದ.

ಈ ಪಾತ್ರಕ್ಕೆ ತಯಾರಾಗುವಾಗ ಸ್ಪೇಸಿ ಹೋಗಿ ಮಾತಾಡಿಸಿಕೊಂಡು ಬಂದವರಲ್ಲಿ ಆಗಿನ ನಿಜವಾದ ಸಚೇತಕ ಕೆವಿನ್ ಮೆಕಾರ್ಥಿಯೂ ಒಬ್ಬರು. ಅವರ ಎಣಿಕೆ ಏನಾಯಿತು ನೆನಪಿದೆಯಲ್ಲ? 2023ರ ಜನವರಿಯಲ್ಲಿ ಸ್ಪೀಕರ್ ಆಗಲು ಹದಿನೈದು ಸುತ್ತು ಬೇಕಾಯಿತು. ಅಕ್ಟೋಬರ್ 3ಕ್ಕೆ 216-210ರಲ್ಲಿ ಇಳಿಸಿಯೇಬಿಟ್ಟರು. ಅಮೆರಿಕದ ಚರಿತ್ರೆಯಲ್ಲಿ ಸಭೆಯೇ ಓಟು ಹಾಕಿ ಇಳಿಸಿದ ಮೊದಲ ಸ್ಪೀಕರ್. ಇಳಿಸಿದ್ದರಲ್ಲಿ ಎಂಟು ಜನ ಅವರದೇ ಪಕ್ಷದವರು.

ಇದಕ್ಕೆ ಎದುರಾಗಿ ಜೆರಾಲ್ಡ್ ಫೋರ್ಡ್ ಅವರನ್ನಿಟ್ಟು ನೋಡಿ. ಅಂಡರ್‌ವುಡ್ ಹತ್ತಿದ ಏಣಿಯಂಥದ್ದನ್ನೇ ನಿಜವಾಗಿ ಹತ್ತಿದವರು. ಮಿಷಿಗನ್ನಿನ ಗ್ರ್ಯಾಂಡ್ ರಾಪಿಡ್ಸ್, ಅದೂ 5ನೇ ಕ್ಷೇತ್ರವೇ! 1948ರಲ್ಲಿ ಗೆದ್ದು ಇಪ್ಪತ್ತೈದು ವರ್ಷ ಸಭೆಯಲ್ಲಿದ್ದರು, 1965ರಿಂದ ರಿಪಬ್ಲಿಕನ್ನರ ನಾಯಕ. ಅವರ ಆಸೆಯೆಲ್ಲ ಸ್ಪೀಕರ್ ಆಗಬೇಕು ಅನ್ನುವುದು, ಅಷ್ಟೇ. ಅದೊಂದು ಸಿಗಲಿಲ್ಲ. 1973ರ ಅಕ್ಟೋಬರಿನಲ್ಲಿ ಉಪಾಧ್ಯಕ್ಷ ಆಗ್ನ್ಯೂ ರಾಜೀನಾಮೆ ಕೊಟ್ಟರು, 25ನೇ ತಿದ್ದುಪಡಿಯಂತೆ ಹೊಸಬರನ್ನು ಹೆಸರಿಸಬೇಕು, ಎರಡೂ ಸದನ ಒಪ್ಪಬೇಕು. ಎರಡೂ ಸದನ ಎದುರು ಪಕ್ಷದ ಕೈಯಲ್ಲಿ. ಆ ಎದುರು ಪಕ್ಷದ ಸ್ಪೀಕರ್ ಕಾರ್ಲ್ ಆಲ್ಬರ್ಟ್ ಅವರೇ ಅಧ್ಯಕ್ಷ ನಿಕ್ಸನ್‌ಗೆ ಫೋರ್ಡ್ ಹೆಸರು ಹೇಳಿದರು. ಸೆನೆಟ್ಟಿನಲ್ಲಿ 92ಕ್ಕೆ 3, ಪ್ರತಿನಿಧಿ ಸಭೆಯಲ್ಲಿ 387ಕ್ಕೆ 35. ಮುಂದಿನ ಆಗಸ್ಟ್ 9ಕ್ಕೆ ನಿಕ್ಸನ್ ಇಳಿದು ಫೋರ್ಡ್ ಅಧ್ಯಕ್ಷ. ದೇಶದ ಜನ ಅಧ್ಯಕ್ಷನಿಗೂ ಉಪಾಧ್ಯಕ್ಷನಿಗೂ ಹಾಕುವ ಒಂದು ಓಟೂ ಅವರಿಗೆ ಬಿದ್ದಿರಲಿಲ್ಲ, ಥೇಟ್ ಅಂಡರ್‌ವುಡ್ಡಿನ ಹಾಗೆ. ಆಮೇಲೆ ಫೋರ್ಡ್, ನಿಕ್ಸನ್ ಅವರನ್ನು ಕ್ಷಮಿಸಿದ್ದು ಸರಿಯೋ ತಪ್ಪೋ ಅಂತ ಇವತ್ತಿಗೂ ವಾದ ಮಾಡಬಹುದು, ನಾನು ಸರಿ ಅನ್ನುವ ಪಕ್ಷ. ಆದರೆ ಆ 387 ಇದೆಯಲ್ಲ, ಅದು ಯಾರ ಗುಟ್ಟು ಹಿಡಿದೂ ಬಂದದ್ದಲ್ಲ. ಇಪ್ಪತ್ತೈದು ವರ್ಷ ಕೊಟ್ಟ ಮಾತು ಉಳಿಸಿಕೊಂಡದ್ದಕ್ಕೆ ಬಂದದ್ದು. ಈ ಧಾರಾವಾಹಿ ನೋಡಿ ರಾಜಕೀಯ ಅಂದರೆ ಹೀಗೇ ಅನ್ನುವ ಹುಡುಗರಿಗೆ ನಾನು ಈ ಸಂಖ್ಯೆ ತಪ್ಪದೇ ಹೇಳುತ್ತೇನೆ.

ಸೆನೆಟ್ಟಿನ ಆ ಮೂರು ವಿರುದ್ಧ ಓಟು ಯಾರದು ಅಂತ ಕೇಳಿ, ಅದೊಂದು ತಮಾಷೆ. ಗೇಲಾರ್ಡ್ ನೆಲ್ಸನ್, ವಿಲಿಯಂ ಹ್ಯಾಥವೇ, ಮೂರನೆಯವರು ಥಾಮಸ್ ಈಗಲ್ಟನ್. ಈಗಲ್ಟನ್ ಅಂದರೆ ಅವರೇ, ಹಿಂದಿನ ವರ್ಷ, 1972ರಲ್ಲಿ, ಡೆಮಾಕ್ರಾಟರ ಉಪಾಧ್ಯಕ್ಷ ಅಭ್ಯರ್ಥಿಯಾಗಿ ಹದಿನೆಂಟೇ ದಿನಕ್ಕೆ ಹಿಂದೆ ಸರಿಯಬೇಕಾಗಿ ಬಂದವರು. ಖಿನ್ನತೆಗೆ ಹಿಂದೆ ಚಿಕಿತ್ಸೆ ಪಡೆದಿದ್ದರು ಅನ್ನುವುದು ಪತ್ರಿಕೆಗೆ ಬಂತು ಅಂತ ಸ್ವಂತ ಪಕ್ಷದವರೇ ಕೈಬಿಟ್ಟಿದ್ದರು. ಎಂಥ ಅನ್ಯಾಯ ನೋಡಿ, ಕಾಯಿಲೆ ಬಂದರೆ ಔಷಧಿ ತಗೊಳ್ಳದೆ ಇನ್ನೇನು ಮಾಡಬೇಕಿತ್ತು ಪಾಪ? ಆ ಮನುಷ್ಯ ಅದೇ ಹುದ್ದೆಗೆ ಬಂದ ಇನ್ನೊಬ್ಬರಿಗೆ ಓಟು ಹಾಕುವ ದಿನ ಏನೇನು ಯೋಚಿಸಿರಬೇಕು ಹೇಳಿ... ಅವರ ಮೇಲೂ ಯಾರಾದರೂ ಒಂದು ಧಾರಾವಾಹಿ ತೆಗೆಯಬಹುದಿತ್ತು, ಅಲ್ವಾ?